ಬೈತಖೋಲದ ಐಸ್ ಫ್ಯಾಕ್ಟರಿ

ಲೆಫ್ಟಿನೆಂಟ್ ಕಮಾಂಡರ್ ದತ್ತಾರಾಮ ಕೊಠಾರಕರ, ನಿವೃತ್ತ,
ಎಂಬ ಹಿತ್ತಾಳೆ ಫಲಕವನ್ನು ಅವರು ಮನೆಗೆ ಹಾಕಲಿಲ್ಲ.
ಅದು ಫ್ಯಾಕ್ಟರಿಯ ಫ್ಯೂಸ್ ಡಬ್ಬಿಯಲ್ಲಿ
ಎರಡು ಪದಕಗಳ ಜತೆ ಬಿದ್ದಿತ್ತು.
ಫ್ಯೂಸ್ ಹೋದಾಗಲೆಲ್ಲ ತಂತಿ ಹುಡುಕುವ ನನ್ನ ಕೈಗೆ
ಮೊದಲು ಸಿಗುತ್ತಿದ್ದುದು ರಾಷ್ಟ್ರದ ಕೃತಜ್ಞತೆ.

ನನಗಾಗ ಹದಿನಾಲ್ಕು. ಹರಿಕಂತ್ರರ ಹುಡುಗ,
ಮಂಜಿನ ಗಡ್ಡೆ ಒಡೆಯುವ ಕೆಲಸ.
ಅವರು ಕಂಪ್ರೆಸರಿನ ಮೈಗೆ ಸ್ಕ್ರೂಡ್ರೈವರ್ ಊರಿ
ಹಿಡಿಗೆ ಕಿವಿಯಿಟ್ಟು ನಿಲ್ಲುತ್ತಿದ್ದರು,
ಬಸುರಿಯ ಹೊಟ್ಟೆಗೆ ಕಿವಿಗೊಟ್ಟ ಸೂಲಗಿತ್ತಿಯ ಹಾಗೆ.
'ಎರಡನೇ ಬೇರಿಂಗ್ ಅಳುತ್ತಿದೆ, ಪೋರಾ.'
ನನಗೇನೂ ಕೇಳುತ್ತಿರಲಿಲ್ಲ.
ಅಮೋನಿಯದ ಘಾಟಿಗೆ ನಾನೇ ಅಳುತ್ತಿದ್ದೆ.

ಪ್ರತಿ ಡಿಸೆಂಬರ್ ನಾಲ್ಕಕ್ಕೆ ಶಾಲೆಯವರು ಕರೆಯುವರು.
ಇಸ್ತ್ರಿಯ ಬಿಳಿ ಅಂಗಿ, ಮೂಗಿನ ತುದಿಗೆ ಕನ್ನಡಕ.
ಮಕ್ಕಳಿಗೆ ಬೇಕಾದ್ದು ಬೆಂಕಿ, ಹೊಗೆ, ಮುಳುಗುವ ಹಡಗು.
ಇವರು ಹೇಳುವುದು ಬಾಯ್ಲರಿಗೆ ಎಂಥ ನೀರು ಬೇಕು,
ಒಂದು ಚಮಚ ಉಪ್ಪು ಹೊಕ್ಕರೆ ಕೊಳವೆ ಏನಾಗುತ್ತದೆ.
ಒಬ್ಬ ಎದ್ದು ಕೇಳಿದ: 'ಯುದ್ಧ ಹೇಗೆ ಕಾಣ್ತದೆ ಸರ್?'
'ನಾನು ನೋಡಿಲ್ಲ' ಎಂದರು,
'ಹದಿಮೂರು ದಿನ ಸಮುದ್ರವನ್ನೇ ನೋಡಿಲ್ಲ.'
ಮಾಸ್ತರರು ಚಪ್ಪಾಳೆ ಹೊಡೆಸಿ, ಬೇಗ ಪೇಡೆ ಹಂಚಿಸಿದರು.

ನನಗೆ ಹೇಳಿದ್ದು ಒಂದು ಆಷಾಢದಲ್ಲಿ.
ಬೋಟೆಲ್ಲ ದಡಕ್ಕೇರಿ, ಯಂತ್ರ ಬಿಚ್ಚಿ ಹರಡಿಕೊಂಡಿದ್ದಾಗ,
ಕೈಗೆ ಗ್ರೀಸ್ ಮೆತ್ತಿಕೊಂಡು, ನನ್ನ ಮುಖ ನೋಡದೆ.

ನೀರಿನ ಮಟ್ಟಕ್ಕಿಂತ ಕೆಳಗೆ ಅವರ ಕೋಣೆ.
ಐವತ್ತು ಡಿಗ್ರಿ ಸೆಖೆ, ನಾಲಗೆಯಡಿ ಉಪ್ಪಿನ ಮಾತ್ರೆ.
ಮೇಲಿನವರ ಮಾತು ಎಂದರೆ ಒಂದು ಗಂಟೆಯ ಸದ್ದು, ಒಂದು ಮುಳ್ಳು:
ನಿಧಾನ, ಅರ್ಧ, ಪೂರ್ಣ, ನಿಲ್ಲು.
ಅವತ್ತು ರಾತ್ರಿ ಮುಳ್ಳು 'ನಿಲ್ಲು' ಅಂದಿತು.
ಉಗಿಯ ಚಕ್ರ ಮುಚ್ಚಿದರು.
ಅಷ್ಟು ದೊಡ್ಡ ಹಡಗು ಉಸಿರು ಬಿಗಿಹಿಡಿಯಿತು.
ಉಕ್ಕಿನ ತಗಡಿನಾಚೆ ನೀರು ಸವರುವ ಸದ್ದು.
ಮತ್ತೇನೋ ತಟ್ಟಿದ ಹಾಗೆ, ಒಮ್ಮೆ.
'ಮರದ ತುಂಡು ಇರಬೇಕು ಅಂದುಕೊಂಡೆ.'
ನಾಲ್ಕು ನಿಮಿಷ. ಗಡಿಯಾರ ನೋಡಿ
ದಾಖಲೆ ಪುಸ್ತಕದಲ್ಲಿ ಬರೆದದ್ದೂ ಇವರೇ.
ಆಮೇಲೆ ಮುಳ್ಳು ಒಮ್ಮೆಲೇ 'ಪೂರ್ಣ' ಅಂದಿತು.
ಚಕ್ರ ತಿರುಗಿಸಿದ್ದು ಈ ಕೈ.

ಬೆಳಗ್ಗೆ ಚಹಾ ತಂದ ಹುಡುಗ ಹೇಳಿದನಂತೆ:
ನೀರಿನಲ್ಲಿ ಜನ ಇದ್ದರು. ಯಾವ ದೇಶದವರೋ,
ಕತ್ತಲಲ್ಲಿ ಕೂಗಿಗೆ ಬಾವುಟ ಕಾಣುವುದಿಲ್ಲ.
ಹನ್ನೊಂದು ಮಂದಿಯನ್ನು ಎಳೆದುಕೊಳ್ಳುವಷ್ಟರಲ್ಲಿ
ಸಬ್‌ಮರೀನಿನ ಸುಳಿವು ಸಿಕ್ಕಿತು.
ಉಳಿದವರನ್ನು ಯಾರೂ ಎಣಿಸಿರಲಿಲ್ಲ.
'ಕಪ್ತಾನನ ತಪ್ಪಲ್ಲ. ಅವನ ಜಾಗದಲ್ಲಿ ನಾನೂ ಅದನ್ನೇ.
ಆದರೆ ಅವನು ನೋಡಿ ಹೊರಟ. ನಾನು ನೋಡದೆ.'
ಬೇರಿಂಗ್ ಒರೆಸಿ ಬಟ್ಟೆ ನನ್ನ ಕಡೆ ಎಸೆದರು.
ಮತ್ತೆ ಆ ಮಾತಿಲ್ಲ.

ಆಮೇಲೆ ನನಗೆ ತಿಳಿಯಿತು:
ಕರೆಂಟು ಹೋಗಿ ಬಂದರೂ ಅವರು ಕೂಡಲೇ ಸ್ವಿಚ್ ಒತ್ತುವುದಿಲ್ಲ.
ಧಕ್ಕೆಯ ತುದಿಗೆ ನಡೆದು, ಬಗ್ಗಿ, ನೀರು ನೋಡಿ ಬರುತ್ತಾರೆ.
ಕಾದು ನಿಂತ ಬೋಟಿನವರು ನಗುತ್ತಿದ್ದರು:
'ಸಾಹೇಬರಿಗೆ ವಯಸ್ಸಾಯ್ತು, ಉಚ್ಚೆಗೆ ಅವಸರ.'
ರಾತ್ರಿ ಫ್ಯಾನು ನಿಂತರೆ ಎದ್ದು ಕೂರುತ್ತಾರೆ ಎಂದು
ಕುಮುದಬಾಯಿ ನನ್ನ ಆಯಿಗೆ ಹೇಳಿದ್ದರು,
ಸೆಖೆಗೆ ಎಂದುಕೊಂಡು.

ಹೋದದ್ದು ಬಂಗುಡೆ ಸುಗ್ಗಿಯ ಅಕ್ಟೋಬರಿನಲ್ಲಿ.
ಮಗಳು ವಿಶಾಖಪಟ್ಟಣದಿಂದ ಬರುವ ತನಕ
ನಮ್ಮದೇ ಗಡ್ಡೆಗಳ ಮೇಲೆ ಮಲಗಿಸಿದೆವು. ಎಂಟು.
ನಾನೇ ಆರಿಸಿದ್ದು: ನಡುವೆ ಬಿಳುಪು ಕಟ್ಟದ, ಗಾಜಿನಂಥವು.
ನೌಕಾನೆಲೆಯಿಂದ ಹೂಚಕ್ರ ಬಂತು, ಬ್ಯೂಗಲ್ ಬಂತು,
ಬ್ಯೂಗಲಿನವನಿಗೆ ಶೀತವಾಗಿತ್ತು.

ಬೆಂಕಿಯಿಡುವ ಹೊತ್ತಿಗೆ ನಾನು ಯಂತ್ರ ನಿಲ್ಲಿಸಿದೆ.
ಧಕ್ಕೆಗೆ ನಡೆದೆ. ಬಗ್ಗಿದೆ.
ಡೀಸೆಲ್ಲಿನ ಬಣ್ಣ, ಒಂಟಿ ಚಪ್ಪಲಿ, ನನ್ನ ಮುಖ.
ಬೆನ್ನ ಹಿಂದೆ ಏಳು ಪರ್ಸೀನ್ ಬೋಟು, ಹೊಟ್ಟೆ ತುಂಬ ಬಂಗುಡೆ,
ಹಾರ್ನಿನ ಮೇಲೆ ಹಾರ್ನು:
'ಐಸ್ ಎಲ್ಲಿ ಮಾರಾಯಾ, ಮೀನು ಕೊಳೀತದೆ!'

ಮೂರನೇ ನಿಮಿಷಕ್ಕೇ
ಸ್ವಿಚ್ ಒತ್ತಿಬಿಟ್ಟೆ.